ಕಾವೇರಿಯನ್ನು ಮರೆಯೋದು ಹೇಗೆ?

ಕನ್ನಡದ ನಟಿ ಕಲ್ಪನಾ ಅವರ ಬಗ್ಗೆ ಲೇಖನ ಬರೆದಿದ್ದಕ್ಕೆ ಧನ್ಯವಾದ. ಆದರೆ ಅರ್ಧ ಲೇಖನ 1979ರ ಅವರ ಸಾವಿನ ಸುತ್ತಲೇ ಸುತ್ತುತ್ತದೆ. ಅಭಿನಯದ ಬಗ್ಗೆ ಇನ್ನೂ ಜಾಸ್ತಿ ಬರೆಯಬೇಕಿತ್ತು, ಅಲ್ವಾ? 1971ರ ‘ಶರಪಂಜರ’ ಸಿನಿಮಾದಲ್ಲಿ ಅವರು ಮಾಡಿದ ಕಾವೇರಿಯನ್ನೇ ನೋಡಿ. ಬಾಣಂತನದ ನಂತರ ಮನಸ್ಸು ಕೆಡುತ್ತದೆ, ಚಿಕಿತ್ಸೆ ಪಡೆದು ಗುಣವಾಗಿ ಮನೆಗೆ ಬರುತ್ತಾಳೆ. ಆದರೂ ಎಲ್ಲರ ಕಣ್ಣಲ್ಲೂ ಅನುಮಾನ. ‘ನಾನು ಚೆನ್ನಾಗಿದ್ದೀನಿ’ ಅಂತ ನಂಬಿಸೋಕೆ ಆ ಹೆಣ್ಣು ಪಡುವ ಕಷ್ಟವನ್ನು ಕಲ್ಪನಾ ಬರೀ ಕಣ್ಣಲ್ಲೇ ತೋರಿಸುತ್ತಾರೆ. ಬಾಣಂತಿಯರ ಮನಸ್ಸಿನ ಬಗ್ಗೆ ಆಗ ಯಾರು ಮಾತಾಡುತ್ತಿದ್ದರು? ತ್ರಿವೇಣಿ ಕಾದಂಬರಿ ಬರೆದರು, ಪುಟ್ಟಣ್ಣ ಕಣಗಾಲ್ ಸಿನಿಮಾ ಮಾಡಿದರು, ಕಲ್ಪನಾ ಜೀವ ತುಂಬಿದರು. ‘ಬೆಳ್ಳಿಮೋಡ’ದಲ್ಲೂ ಈ ಮೂವರೇ. ತನ್ನನ್ನು ಬಿಟ್ಟುಹೋದವನು ಮತ್ತೆ ಬಂದು ಕೇಳಿದಾಗ ಕಲ್ಪನಾ ಅವರ ಪಾತ್ರ ಇಂದಿರಾ ಒಪ್ಪೋದಿಲ್ಲ. ಆ ದೃಶ್ಯ ನೋಡಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.