ಈಗ ಅತಿಥಿಗಳಿಂದ ಎರಡು ಮಾತು

ನಮ್ಮ ಮಹಿಳಾ ಕ್ಲಬ್ಬಿನಲ್ಲಿ ಒಬ್ಬರು ಸಿಸ್ಟರ್ ಇದ್ದಾರೆ. ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ ಮೂವತ್ತೆರಡು ವರ್ಷ ನರ್ಸ್ ಆಗಿದ್ದವರು. ನಿವೃತ್ತಿಯಾಗಿ ಎಷ್ಟೋ ಕಾಲವಾದರೂ ಎಲ್ಲರಿಗೂ ಅವರು ಸಿಸ್ಟರ್ರೇ. ಸೊಂಟ ಮುರಿದವರನ್ನು ಮಗ್ಗುಲು ತಿರುಗಿಸೋದು ಹೇಗೆ, ಬಚ್ಚಲಲ್ಲಿ ಜಾರಿ ಬಿದ್ದವರನ್ನು ಹೇಗೆ ಎತ್ತಬಾರದು ಎಂಬುದೆಲ್ಲ ಅವರಿಗೆ ಬಾಯಿಪಾಠ. ಹೋದ ತಿಂಗಳು ಕ್ಲಬ್ಬಿನಲ್ಲಿ 'ಮಹಿಳೆ ಮತ್ತು ಮೂಳೆ' ಎಂಬ ಅತಿಥಿ ಉಪನ್ಯಾಸ ಇತ್ತು. ಆವತ್ತು ಸಿಸ್ಟರ್ ಎಲ್ಲಿದ್ದರು ಗೊತ್ತಾ? ಬಾಗಿಲ ಹತ್ತಿರ ಕೂತು, ಬಂದವರ ಕೈಲಿ ರಿಜಿಸ್ಟರಿಗೆ ಸಹಿ ಹಾಕಿಸುತ್ತಿದ್ದರು.

ವೇದಿಕೆ ಮೇಲಿದ್ದವರು ವ್ಯಕ್ತಿತ್ವ ವಿಕಸನ ತರಬೇತುದಾರರು.

ಕಮಿಟಿ ಮೀಟಿಂಗಿನಲ್ಲಿ ನಾನು ಮೆಲ್ಲಗೆ ಕೇಳಿದ್ದೆ. 'ಮೂಳೆ ಬಗ್ಗೆ ಸಿಸ್ಟರ್ ಕೈಲೇ ಮಾತಾಡಿಸಬಹುದಲ್ಲ?' ಅಧ್ಯಕ್ಷೆ ಮೇಡಂ ನನ್ನನ್ನು ಕರುಣೆಯಿಂದ ನೋಡಿದರು. 'ಅವರು ನಮ್ಮವರೇ ಅಲ್ವಾ? ನಮ್ಮವರನ್ನೇ ಕೂರಿಸಿದರೆ ಅತಿಥಿ ಅಂತ ಹೇಗೆ ಕರೆಯೋದು?' ಖಜಾಂಚಿ ಮೇಡಂ ಇನ್ನೊಂದು ಕಾರಣ ಸೇರಿಸಿದರು. 'ಸಿಸ್ಟರ್ ನಡ್ಕೊಂಡು ಬರ್ತಾರೆ. ಗೇಟಿನ ಹತ್ತಿರ ಸ್ವಾಗತ ಮಾಡೋಕೆ ಏನೂ ಇರಲ್ಲ.' ಅದೂ ನಿಜ. ಜ್ಞಾನ ಅಂದ ಮೇಲೆ ಕಾರಿನಿಂದ ಇಳಿಯಬೇಕು. ಹಿತ್ತಲ ಗಿಡ ಮದ್ದಲ್ಲ ಅಂತ ಹಿರಿಯರು ಸುಮ್ನೆ ಗೊಣಗಿ ಬಿಟ್ಟಿದ್ದರು. ನಾವು ಆ ಗಿಡದ ಕೈಗೆ ರಿಜಿಸ್ಟರ್ ಕೊಟ್ಟು ಬಾಗಿಲು ಕಾಯಲು ಕೂರಿಸಿದ್ದೇವೆ.

ಮಹಿಳಾ ಕ್ಲಬ್ಬುಗಳು ಹುಟ್ಟಿದ ಕಥೆ ಗೊತ್ತಿದ್ದವರಿಗೆ ಇದನ್ನು ನೋಡಿ ನಗು ತಡೆಯೋದು ಕಷ್ಟ. 1868ರಲ್ಲಿ ಇಂಗ್ಲೆಂಡಿನ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಅಮೆರಿಕದ ಪ್ರವಾಸದಲ್ಲಿದ್ದರು. ನ್ಯೂಯಾರ್ಕಿನ ಪತ್ರಕರ್ತರು ಡೆಲ್ಮೋನಿಕೋಸ್ ಹೋಟೆಲಿನಲ್ಲಿ ಅವರಿಗೆ ಔತಣ ಇಟ್ಟುಕೊಂಡರು. ಜೇನ್ ಕನಿಂಗ್‌ಹ್ಯಾಮ್ ಕ್ರೋಲಿ ಎಂಬ ಪತ್ರಕರ್ತೆ ತನಗೂ ಒಂದು ಟಿಕೆಟ್ ಕೊಡಿ ಅಂದರು. ಹೆಂಗಸರಿಗೆ ಇಲ್ಲ ಎಂಬ ಉತ್ತರ ಬಂತು. ಕೊನೇ ಗಳಿಗೆಯಲ್ಲಿ ಗಂಡಸರ ಮನಸ್ಸು ಕರಗಿ, ಬೇಕಾದರೆ ಪರದೆಯ ಹಿಂದೆ ಕೂತು ಕೇಳಬಹುದು ಅಂದರಂತೆ. ಕ್ರೋಲಿ ಆ ದೊಡ್ಡ ಮನಸ್ಸಿಗೆ ಕೈಮುಗಿದು, ತಮ್ಮದೇ ಒಂದು ಕ್ಲಬ್ ಕಟ್ಟಿದರು. ಸಭೆ ಸೇರಿದ್ದೂ ಅದೇ ಡೆಲ್ಮೋನಿಕೋಸಿನಲ್ಲಿ. ಹೆಸರು ಸೊರೋಸಿಸ್. ಸಸ್ಯಶಾಸ್ತ್ರದ ಪದ ಅದು. ಅನಾನಸಿನ ಹಾಗೆ, ಎಷ್ಟೋ ಹೂವುಗಳು ಕೂಡಿ ಒಂದೇ ಹಣ್ಣಾಗುತ್ತಲ್ಲ, ಅದಕ್ಕೆ ಇಟ್ಟ ಹೆಸರು.

ಅತಿಥಿಯ ಮಾತು ಕೇಳಲು ಬಿಡಲಿಲ್ಲ ಅಂತ ಅವರು ಕ್ಲಬ್ ಕಟ್ಟಿದರು. ಕ್ಲಬ್ ಸೇರಿದ ಒಂದೇ ತಪ್ಪಿಗೆ ನಾವು ಅತಿಥಿಯ ಮಾತು ಕೇಳುತ್ತಿದ್ದೇವೆ. ಆ ಪರದೆ ಈಗ ಎಲ್ಲಾದರೂ ಸಿಕ್ಕರೆ ತಂದುಕೊಡಿ. ಹಿಂದೆ ಕೂತು ಒಂದು ಕೋಳಿನಿದ್ದೆ ತೆಗೆಯಬಹುದು.

ಹೋದ ವರ್ಷದ ವರದಿ ಪುಸ್ತಕ ತಿರುವಿ ಹಾಕಿದೆ. ಹನ್ನೆರಡು ಉಪನ್ಯಾಸ. ಅದರಲ್ಲಿ ಐದು ಒತ್ತಡ ನಿರ್ವಹಣೆಯ ಬಗ್ಗೆ. ಐದರಲ್ಲೂ ಪರಿಹಾರ ಒಂದೇ, ನಗುತ್ತಾ ಇರಿ. ಮೂರು, ಮನೆಯನ್ನು ಸ್ವರ್ಗ ಮಾಡುವುದು ಹೇಗೆ ಎಂಬುದು. ಆ ಮೂವರು ಅತಿಥಿಗಳೂ ಗಂಡಸರು, ಮೂವರೂ ಮನೆಗೆ ಲೇಟಾಗುತ್ತೆ ಅಂತ ವಂದನಾರ್ಪಣೆಗೂ ನಿಲ್ಲದೆ ಹೊರಟವರು. ಎರಡು, ಹೆಣ್ಣು ಅಬಲೆಯಲ್ಲ ಎಂಬುದು. ಪ್ರತಿ ಮಾರ್ಚ್ 8ರ ಆಸುಪಾಸಿನಲ್ಲಿ ಯಾರಾದರೊಬ್ಬರು ಬಂದು ಈ ಸಂಶೋಧನೆ ಮಂಡಿಸುತ್ತಾರೆ. ನಾವು ಮೊದಲ ಸಲ ಕೇಳಿದವರ ಹಾಗೆ ಚಪ್ಪಾಳೆ ತಟ್ಟುತ್ತೇವೆ. ಉಳಿದ ಎರಡರ ವಿಷಯ ಬರೆದಿಲ್ಲ. ಅತಿಥಿಗಳು ಕಾರಿನಲ್ಲಿ ಬಂದಿದ್ದಾರೆ ಎಂಬ ದಾಖಲೆ ಮಾತ್ರ ಇದೆ.

ಸಲಹಾ ಪೆಟ್ಟಿಗೆಯಲ್ಲಿ ಸದಸ್ಯೆಯರು ಚೀಟಿ ಹಾಕಿದ್ದರು. ವಿಲ್ ಬರೆಯೋದು ಹೇಗೆ? ಬ್ಯಾಂಕಿನಲ್ಲಿ ನಾಮಿನಿ ಆದವರೇ ಹಣಕ್ಕೆ ವಾರಸುದಾರರಾಗುತ್ತಾರಾ? ಫೋನ್ ಮಾಡಿ ಒಟಿಪಿ ಕೇಳಿದವರಿಗೆ ಕೊಟ್ಟುಬಿಟ್ಟಿದ್ದೇನೆ, ಮಗನಿಗೆ ಹೇಳದೆ ಏನು ಮಾಡಲಿ? ಈ ಮೂರನೇ ಚೀಟಿ ಓದಿ ನನ್ನ ಹೊಟ್ಟೆ ಚುರುಕ್ ಅಂತು. ಕಮಿಟಿ ಚೀಟಿಗಳನ್ನೆಲ್ಲ ಗಂಭೀರವಾಗಿ ಪರಿಶೀಲಿಸಿ, ಮುಂದಿನ ಕಾರ್ಯಕ್ರಮಕ್ಕೆ 'ಸಕಾರಾತ್ಮಕ ಚಿಂತನೆ' ಎಂಬ ವಿಷಯ ಆರಿಸಿತು.

ಅತಿಥಿ ಉಪನ್ಯಾಸದಿಂದ ಏನೂ ಆಗಲ್ಲ ಅಂತ ನಾನು ಹೇಳುತ್ತಿಲ್ಲ. ಕೆನಡಾದಲ್ಲಿ ಅಡಿಲೇಡ್ ಹೂಡ್‌ಲೆಸ್ ಎಂಬ ತಾಯಿಯ ಕೂಸು ತೀರಿಕೊಂಡಿತ್ತು. ಕೊಳಕು ಹಾಲಿನಿಂದ ಹೀಗಾಯಿತು ಅಂತ ಆಕೆ ನಂಬಿದ್ದರು. ಹೆಂಗಸರಿಗೆ ಮನೆಯ ಆರೋಗ್ಯದ ತಿಳಿವಳಿಕೆ ಬೇಕು ಅಂತ ಊರೂರು ತಿರುಗಿ ಮಾತಾಡಿದರು. 1897ರಲ್ಲಿ ಸ್ಟೋನಿ ಕ್ರೀಕ್ ಎಂಬಲ್ಲಿ ರೈತರ ಸಂಘದವರು ಅವರನ್ನು ಮಾತಿಗೆ ಕರೆದರು. ಕೇಳಿದವರು ಮುಂದಿನ ವಾರವೇ ಮತ್ತೆ ಸೇರಿದರು, 101 ಹೆಂಗಸರು, ಒಬ್ಬ ಗಂಡಸು. ಈಗ ಎಷ್ಟೋ ದೇಶಗಳಲ್ಲಿರುವ ವಿಮೆನ್ಸ್ ಇನ್‌ಸ್ಟಿಟ್ಯೂಟ್ ಎಂಬ ಮಹಿಳಾ ಸಂಘ ಹುಟ್ಟಿದ್ದು ಹಾಗೆ. ಆಕೆಗೆ ಹೇಳಲೇಬೇಕಾದ ಒಂದು ವಿಷಯ ಇತ್ತು. ನಮ್ಮ ಅತಿಥಿಗಳಿಗೆ ಇರೋದು ನಾಲ್ಕು ಪುಟದ ಸ್ವಪರಿಚಯ. ಅದನ್ನು ಅವರೇ ವಾಟ್ಸಾಪಿನಲ್ಲಿ ಕಳಿಸುತ್ತಾರೆ. ನಿರೂಪಕಿ 'ಇವರ ಪರಿಚಯದ ಅಗತ್ಯವೇ ಇಲ್ಲ' ಅಂತ ಶುರು ಮಾಡಿ ನಾಲ್ಕೂ ಪುಟ ಓದುತ್ತಾರೆ. ಒಂದು ಪ್ರಶಸ್ತಿ ಬಿಟ್ಟುಹೋದರೆ ಅತಿಥಿಗಳು ಮೈಕಿಗೆ ಬಂದ ಕೂಡಲೇ ಅದನ್ನು ವಿನಯದಿಂದ ಸೇರಿಸುತ್ತಾರೆ.

ಇನ್ನು ನಮ್ಮ ಸಮಾಜಸೇವೆ. ಅದರಲ್ಲಿ ಗಾಲಿಕುರ್ಚಿಯ ಪ್ರಕರಣ ಒಂದನ್ನೇ ಹೇಳುತ್ತೇನೆ.

ಸದಸ್ಯೆಯರು ಕೈಯಿಂದ ದುಡ್ಡು ಹಾಕಿ ಒಂದು ಗಾಲಿಕುರ್ಚಿ ಕೊಂಡರು. ಒಳ್ಳೇ ಕೆಲಸ. ನಡೆಯಲಾಗದ ಒಬ್ಬ ಅಜ್ಜನಿಗೆ ಅದನ್ನು ಕೊಡೋದು ಅಂತಾಯಿತು. ಕುರ್ಚಿಯನ್ನು ಒರೆಸಿ, ರಿಬ್ಬನ್ ಕಟ್ಟಿ ವೇದಿಕೆ ಮೇಲೆ ಇಟ್ಟರು. ವೇದಿಕೆಗೆ ಆರು ಮೆಟ್ಟಿಲು. ಆರು ಮೆಟ್ಟಿಲು ಹತ್ತಿ ಬಂದವರಿಗೆ ಮಾತ್ರ, ನಡೆಯಲಾಗದವರ ಕುರ್ಚಿ! ಅಜ್ಜನನ್ನು ಇಬ್ಬರು ಹುಡುಗರು ಹೊತ್ತುಕೊಂಡು ಬಂದರು. ಬಂದವರು ಕೂರುವ ಹಾಗಿಲ್ಲ. 'ಅಜ್ಜಾವ್ರೇ, ಸ್ವಲ್ಪ ಪಕ್ಕಕ್ಕೆ. ಕುರ್ಚಿ ಕಾಣಬೇಕು' ಅಂದ ಫೋಟೋದವನು. ಅಧ್ಯಕ್ಷೆ, ಕಾರ್ಯದರ್ಶಿ, ಖಜಾಂಚಿ, ಹಿಂದಿನ ಅಧ್ಯಕ್ಷೆ, ಅದಕ್ಕೂ ಹಿಂದಿನ ಅಧ್ಯಕ್ಷೆ, ಉಳಿದ ಕಮಿಟಿಯವರು, ಎಲ್ಲರೂ ಕುರ್ಚಿಗೆ ಕೈ ಹಚ್ಚಿದರು. ಫೋಟೋದಲ್ಲಿ ನಾನು ಎಣಿಸಿದ್ದೇನೆ, ಹದಿನೇಳು ಕೈ. ಹದಿನೇಳು ಹೇಗೆ ಬೆಸ ಸಂಖ್ಯೆ ಆಯಿತು ಅಂದರೆ ಒಬ್ಬರ ಇನ್ನೊಂದು ಕೈ ಕೂದಲು ಸರಿಮಾಡಿಕೊಳ್ಳುತ್ತಿತ್ತು. ಅಜ್ಜನ ಮೊಣಕೈ ಮಾತ್ರ ಬಲಗಡೆ ಅಂಚಿನಲ್ಲಿದೆ. ಕುರ್ಚಿ ಖಾಲಿ.

ಸಭಾಂಗಣಕ್ಕೆ ಒಂದು ಇಳಿಜಾರು ದಾರಿ ಮಾಡಿಸೋಣ ಅಂತ ಆಮೇಲೆ ಸಿಸ್ಟರ್ ಹೇಳಿದರು. ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು, ಆಗ ಗಾಲಿಕುರ್ಚಿ ಸಲೀಸಾಗಿ ಹತ್ತುತ್ತೆ ಅಂತ ಲೆಕ್ಕವನ್ನೂ ಕೊಟ್ಟರು. ನಮ್ಮ ವೇದಿಕೆ ಮೂರಡಿ ಎತ್ತರ. ಅಂದರೆ ಮೂವತ್ತಾರು ಅಡಿ. ಖಜಾಂಚಿ ಮೇಡಂ ಟೇಪು ಹಿಡಿದು ಅಳೆದು, 'ಮುಂದಿನ ಸಾಲಿನ ಸೋಫಾ ಹೋಗುತ್ತಲ್ಲ!' ಅಂದರು. ಮಾತು ಅಲ್ಲಿಗೆ ನಿಂತಿತು. ಇಳಿಜಾರು ದಾರಿಗೆ ಉದ್ಘಾಟನೆ ಮಾಡಬಹುದು ನಿಜ, ಆದರೆ ಅದರ ಮೇಲೆ ಹದಿನೇಳು ಕೈ ಇಟ್ಟು ಫೋಟೋ ತೆಗೆಸಿಕೊಳ್ಳೋದು ಕಷ್ಟ.

ಮತ್ತೆ ಮೂಳೆಗೆ ಬರುತ್ತೇನೆ.

ಆ ದಿನ ಉಪನ್ಯಾಸಕ್ಕೆ ಮೊದಲು, ರಿಜಿಸ್ಟರ್ ಹಿಡಿದು ಕೂತ ಸಿಸ್ಟರಿಗೆ ನಾನು ವೆಂಬ್ಲಿಯ ಕಥೆ ಹೇಳಿದ್ದೆ. 2000ದ ಜೂನಿನಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ವಿಮೆನ್ಸ್ ಇನ್‌ಸ್ಟಿಟ್ಯೂಟಿನ ಸುಮಾರು ಹತ್ತು ಸಾವಿರ ಹೆಂಗಸರು ಸೇರಿದ್ದರು. ಅತಿಥಿ ಸಾಕ್ಷಾತ್ ಪ್ರಧಾನಿ ಟೋನಿ ಬ್ಲೇರ್. ಅವರು ತಮ್ಮ ಸರ್ಕಾರದ ರಾಜಕೀಯ ಶುರು ಮಾಡಿದರು. ಇದು ಅದಕ್ಕೆ ಜಾಗ ಅಲ್ಲ ಅಂತ ಹೆಂಗಸರಿಗೆ ಅನ್ನಿಸಿತು. ಕೆಲವರು ಎದ್ದು ಹೋದರು. ಉಳಿದವರಲ್ಲಿ ಎಷ್ಟೋ ಜನ ನಿಧಾನವಾಗಿ, ತಾಳ ಹಾಕಿದ ಹಾಗೆ ಚಪ್ಪಾಳೆ ತಟ್ಟತೊಡಗಿದರು. ಸಾಕು ಇಳೀರಿ ಅಂತ ಅದರ ಅರ್ಥ. ಪ್ರಧಾನಿ ಭಾಷಣ ಮೊಟಕು ಮಾಡಬೇಕಾಯಿತು.

'ನಮ್ಮಲ್ಲಿ ನಿಧಾನಕ್ಕೆ ತಟ್ಟಿದರೆ ಕೈನೋವು ಅಂದ್ಕೊಳ್ತಾರೆ' ಅಂದರು ಸಿಸ್ಟರ್.

ಉಪನ್ಯಾಸ ಶುರುವಾಯಿತು. 'ಮೂಳೆ ಗಟ್ಟಿ ಇರಬೇಕಾದರೆ ಮೊದಲು ಮನಸ್ಸು ಗಟ್ಟಿ ಇರಬೇಕು' ಅಂದರು ಅತಿಥಿಗಳು. ಚಪ್ಪಾಳೆ. ಮುಟ್ಟು ಎಂಬ ಮಾತು ಅವರ ಬಾಯಿಗೆ ಬರಲಿಲ್ಲ. ಹೆಂಗಸರೇ ತುಂಬಿದ ಸಭೆಯಲ್ಲಿ 'ಆ ಒಂದು ಹಂತದಲ್ಲಿ' ಅಂತ ಏಳು ಸಲ ಅಂದರು. 'ಮುಟ್ಟು ನಿಂತ ಮೇಲಿನ ಮೊದಲ ವರ್ಷಗಳಲ್ಲೇ ಮೂಳೆ ಬೇಗ ಸವೆಯೋದು, ಅದನ್ನು ಹೇಳ್ತಾ ಇಲ್ವಲ್ಲ' ಅಂತ ಸಿಸ್ಟರ್ ನನ್ನ ಕಿವಿಯಲ್ಲಿ ಗೊಣಗಿದರು. 'ಬಿದ್ದಾಗ ಕೈ ಊರಿ ಮೊದಲು ಮಣಿಕಟ್ಟು ಮುರ್ಕೊಳ್ತಾರೆ. ಅಷ್ಟಕ್ಕೇ ಪರೀಕ್ಷೆ ಮಾಡಿಸಿಕೊಂಡರೆ ಸೊಂಟ ಉಳಿಯುತ್ತೆ.' ನಮ್ಮ ಹಿಂದಿನ ಸಾಲಿನ ನಾಲ್ಕು ಜನ ವೇದಿಕೆ ಬಿಟ್ಟು ಸಿಸ್ಟರ್ ಕಡೆಗೇ ಬಾಗಿದರು. ಕಾರ್ಯದರ್ಶಿ ಮೇಡಂ ತಿರುಗಿ, ಶ್ ಅಂದರು. ಅತಿಥಿಗಳಿಗೆ ತೊಂದರೆ ಆಗುತ್ತಲ್ಲ.

ಒಂದು ಗಂಟೆ ಹತ್ತು ನಿಮಿಷ ಆಗಿತ್ತು. ಆಗ ಅತಿಥಿಗಳು ಬೆರಳೆತ್ತಿ ಎಚ್ಚರಿಸಿದರು. 'ತಾಯಂದಿರೇ, ಅಕ್ಕಂದಿರೇ, ನೆನಪಿಡಿ. ಒಂದೇ ಕಡೆ ಅರ್ಧ ಗಂಟೆಗಿಂತ ಜಾಸ್ತಿ ಕೂರಲೇಬೇಡಿ!'

ಸಿಸ್ಟರ್ ಎದ್ದು ನಿಂತರು.

ಅಷ್ಟೇ. ಏನೂ ಮಾತಾಡಲಿಲ್ಲ. ನಾನೂ ಎದ್ದೆ. ನಮ್ಮ ಸಾಲು ಎದ್ದಿತು. ಹಿಂದಿನ ಸಾಲು ಎದ್ದಿದ್ದು ನೋಡಿ, ಕಾರ್ಯಕ್ರಮ ಮುಗಿಯಿತು ಅಂದುಕೊಂಡು ಮಧ್ಯದವರು ಎದ್ದರು. ನಿದ್ದೆಯಲ್ಲಿದ್ದವರು ಗಾಬರಿಯಿಂದ ಎದ್ದರು. ಕೊನೆಗೆ ಸೋಫಾದವರೂ ಎದ್ದರು. ಯಾರೋ ಅಭ್ಯಾಸಬಲದಿಂದ ಚಪ್ಪಾಳೆ ಶುರು ಮಾಡಿದರು. ಮಂಡಿನೋವಿನವರು ಮೆಲ್ಲಮೆಲ್ಲಗೆ ಎದ್ದು, ಮೆಲ್ಲಮೆಲ್ಲಗೆ ತಟ್ಟಿದರು. ಒಂದು ಕ್ಷಣ ನನಗೆ ವೆಂಬ್ಲಿಯಲ್ಲೇ ನಿಂತ ಹಾಗಾಯಿತು.

ಅತಿಥಿಗಳು ಎದೆಯ ಮೇಲೆ ಕೈಯಿಟ್ಟುಕೊಂಡರು. ಕಣ್ಣು ತುಂಬಿ ಬಂದಿತ್ತು. 'ನನ್ನ ಇಷ್ಟು ವರ್ಷದ ಭಾಷಣಗಳಲ್ಲಿ ಇಂಥ ಗೌರವ ಸಿಕ್ಕಿರಲಿಲ್ಲ. ನಿಮ್ಮ ಈ ಪ್ರೀತಿಗೆ ಋಣಿಯಾಗಿ, ಇನ್ನೆರಡು ಮಾತು ಹೇಳಿ ಮುಗಿಸುತ್ತೇನೆ. ದಯವಿಟ್ಟು ಕೂತ್ಕೊಳಿ.'

ಕೂತೆವು. ಎರಡು ಮಾತಿಗೆ ಇನ್ನೂ ನಲವತ್ತು ನಿಮಿಷ ಹಿಡಿಯಿತು. ಸಮಯದ ಅಭಾವದಿಂದ ಪ್ರಶ್ನೋತ್ತರ ಇರಲಿಲ್ಲ.

ವರದಿ ಪುಸ್ತಕದಲ್ಲಿ ಕಾರ್ಯದರ್ಶಿ ಮೇಡಂ ಚೆಂದದ ಅಕ್ಷರದಲ್ಲಿ ಬರೆದಿದ್ದಾರೆ: 'ಉಪನ್ಯಾಸದ ನಡುವೆ ಸದಸ್ಯೆಯರೆಲ್ಲರೂ ಎದ್ದು ನಿಂತು ಕರತಾಡನದ ಮೂಲಕ ಅತಿಥಿಗಳನ್ನು ಗೌರವಿಸಿದರು. ಸದಸ್ಯೆಯರ ಒತ್ತಾಯದ ಮೇರೆಗೆ ಅವರನ್ನು ಮುಂದಿನ ತಿಂಗಳೂ ಆಹ್ವಾನಿಸಲಾಗಿದೆ. ವಿಷಯ: ಬೆನ್ನುನೋವು.'

ನೋಟಿಸ್ ಓದಿದ ಸಿಸ್ಟರ್ ಸಹಿ ಮಾಡಿ ಪೆನ್ನು ನನ್ನ ಕೈಗೆ ಕೊಟ್ಟರು.

'ಈ ಸಲ ಮಲಗಿಬಿಡೋಣ' ಅಂದರು.