ಸಿಮ್ ಯಾವುದು ಅಂತ ಹೇಳೋಕೆ ಫೋನ್ ಯಾರು?

ದುಡ್ಡು ಕೊಟ್ಟು ತಗೊಂಡ ಫೋನಿಗೆ ಯಾವ ಸಿಮ್ ಹಾಕಬೇಕು ಅನ್ನೋದು ನಮ್ಮಿಷ್ಟ, ಕಂಪನಿಯ ಇಷ್ಟ ಅಲ್ಲ. ಆದರೆ ಕೆಲವು ಫೋನ್‌ಗಳನ್ನು ಒಂದೇ ಕಂಪನಿಯ ಸಿಮ್ ನಡೆಯುವ ಹಾಗೆ ಲಾಕ್ ಮಾಡಿ ಮಾರುತ್ತಾರೆ. ಬೆಂಗಳೂರಲ್ಲಿ ಕೂತವರಿಗೆ ಇದೊಂದು ವಿಷಯವೇ ಅನ್ನಿಸಬಹುದು. ನಮ್ಮ ಮಲೆನಾಡಿನ ನಗರ, ನಿಟ್ಟೂರು, ಆಗುಂಬೆ ಊರುಗಳ ಕಡೆಯವರನ್ನು ಕೇಳಿ ನೋಡಿ.

ನಮ್ಮಲ್ಲಿ ಗುಡ್ಡಕ್ಕೊಂದು ನೆಟ್‌ವರ್ಕ್. ಜಗಲಿಯಲ್ಲಿ ಎರಡು ಕಡ್ಡಿ ತೋರಿಸುವ ಸಿಮ್ ತೋಟಕ್ಕೆ ಇಳಿದ ಕೂಡಲೇ ನಾಪತ್ತೆ. ಮಳೆಗಾಲದಲ್ಲಂತೂ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋಗುತ್ತದೆ. ಟವರ್‌ನ ಬ್ಯಾಟರಿ ಇರುವಷ್ಟು ಹೊತ್ತು ಸಿಗ್ನಲ್, ಆಮೇಲೆ ಯಾರಾದರೂ ಬಂದು ಡೀಸೆಲ್ ಹಾಕಬೇಕು. ಆಗ ಕೈಹಿಡಿಯುವುದು ಎರಡನೇ ಸಿಮ್ಮೇ. ಒಂದು ಬಿಎಸ್‌ಎನ್‌ಎಲ್, ಇನ್ನೊಂದು ಖಾಸಗಿಯದ್ದು. ಇದು ಶೋಕಿ ಅಲ್ಲ ಮಾರಾಯ್ರೇ, ರಾತ್ರಿ ಹೊತ್ತು ಯಾರಿಗಾದರೂ ಎದೆನೋವು ಬಂದರೆ ಜೀಪಿಗೆ ಫೋನ್ ಮಾಡಬೇಕಲ್ವಾ?

ನಮ್ಮ ದೇಶದ ಅಂಗಡಿಗಳಲ್ಲಿ ಸಿಗುವ ಹೆಚ್ಚಿನ ಫೋನ್‌ಗಳಿಗೆ ಈ ಲಾಕ್ ಇಲ್ಲ, ಅದೊಂದು ಪುಣ್ಯ. ಹಾಗಂತ ಇಲ್ಲವೇ ಇಲ್ಲ ಅಂತಲ್ಲ. 2003ರಲ್ಲಿ 501 ರೂಪಾಯಿ ಕಟ್ಟಿ ರಿಲಯನ್ಸ್ ಫೋನ್ ತಗೊಂಡವರಿಗೆ ನೆನಪಿರಬಹುದು, ಅದರಲ್ಲಿ ಸಿಮ್ಮೇ ಇರಲಿಲ್ಲ, ಇನ್ನು ಬೇರೆ ಕಂಪನಿಯದ್ದು ಹಾಕುವ ಮಾತೆಲ್ಲಿ? 2017ರಲ್ಲಿ 1,500 ರೂಪಾಯಿ ಡಿಪಾಸಿಟ್ ಮೇಲೆ ಬಂದ ಜಿಯೋಫೋನ್, 2023ರಲ್ಲಿ 999 ರೂಪಾಯಿಗೆ ಬಂದ ಜಿಯೋ ಭಾರತ್, ಎರಡಕ್ಕೂ ಜಿಯೋ ಸಿಮ್ ಮಾತ್ರ. ಕಡಿಮೆ ರೇಟಿಗೆ ಕೊಡುತ್ತೇವೆ, ಅದಕ್ಕೇ ಲಾಕ್ ಅನ್ನುತ್ತಾರೆ. ಒಪ್ಪೋಣ. ಆದರೆ ಎಲ್ಲಿಯವರೆಗೆ? 2011ರ ಜನವರಿಯಿಂದ ದೇಶದಲ್ಲೆಲ್ಲ ನಂಬರ್ ಉಳಿಸಿಕೊಂಡೇ ಕಂಪನಿ ಬದಲಿಸಬಹುದು. ನಂಬರ್ ನಮ್ಮ ಜೊತೆ ಬರುತ್ತದೆ, ಫೋನ್ ಮಾತ್ರ ಹಳೆ ಕಂಪನಿಯಲ್ಲೇ ಉಳಿಯುತ್ತದೆ! ಬ್ರಿಟನ್, ಜಪಾನ್‌ಗಳಲ್ಲಿ 2021ರಿಂದ ಲಾಕ್ ಮಾಡಿ ಮಾರುವ ಹಾಗೇ ಇಲ್ಲ.

ಅಮೆರಿಕದಲ್ಲಂತೂ ಈ ಕಾಟ ಇನ್ನೂ ಇದೆ. ಲಾಕ್ ತೆಗೆಸುವುದು ತಪ್ಪಲ್ಲ ಅಂತ 2014ರಲ್ಲಿ ಕಾನೂನು ಬಂತು, ಲಾಕ್ ಹಾಕುವುದು ನಿಲ್ಲಲಿಲ್ಲ. ಅಲ್ಲಿರುವ ಮಗನೋ ಅಳಿಯನೋ ತಾನು ಬಳಸಿದ ಐಫೋನ್ ತಂದು ಇಲ್ಲಿ ಕೊಟ್ಟು ಹೋಗುತ್ತಾರೆ. ನಮ್ಮ ಬಾವನಿಗೂ ಹಾಗೇ ಒಂದು ಬಂತು. ಸಿಮ್ ಹಾಕಿದರೆ 'ಸಿಮ್ ನಾಟ್ ಸಪೋರ್ಟೆಡ್' ಅಂತ ಬರುತ್ತದೆ, ಮುಂದಕ್ಕೆ ಹೋಗುವುದಿಲ್ಲ. ಶಿವಮೊಗ್ಗದ ಒಂದು ಅಂಗಡಿಯ ಹುಡುಗ, "ಅಣ್ಣ, ಚಿಪ್ ಹಾಕಿದ್ರೆ ಆಗತ್ತೆ" ಅಂದ. ಹಾಳೆಯಷ್ಟು ತೆಳ್ಳಗಿನ ಚಿಪ್. ಅದನ್ನು ಸಿಮ್ಮಿಗೆ ಅಂಟಿಸಿ, ಟ್ರೇಯಲ್ಲಿ ಉಗುರಿಂದ ಒತ್ತಿ ಒತ್ತಿ ಕೂರಿಸಿದ. ಒಳಗಿರುವುದು ಅಮೆರಿಕದ ಸಿಮ್ ಅಂತ ಫೋನಿಗೆ ಸುಳ್ಳು ಹೇಳುವುದು ಅದರ ಕೆಲಸ. ಕಡ್ಡಿ ಬಂತು, ಬಾವ ಖುಷಿಯಾದರು. ಮುಂದಿನ ಸಾಫ್ಟ್‌ವೇರ್ ಅಪ್‌ಡೇಟಿಗೆ ಸುಳ್ಳು ಸಿಕ್ಕಿಬಿತ್ತು.

ವಿಷಯ ಏನೆಂದರೆ, ಐಫೋನಿನ ಲಾಕ್ ಅದರ ಐಎಂಇಐ (ಪ್ರತಿ ಫೋನಿಗೂ ಇರುವ ಅದರದ್ದೇ ಗುರುತಿನ) ನಂಬರಿನ ಜೊತೆ ಆಪಲ್‌ನ ಸರ್ವರಿನಲ್ಲೂ ದಾಖಲಾಗಿರುತ್ತದೆ. ಲಾಕ್ ಹಾಕಿಸಿದ ನೆಟ್‌ವರ್ಕ್ ಕಂಪನಿ ಹೇಳಿದರೆ ಮಾತ್ರ ಅದು ತೆರೆಯುವುದು. ಕಡೆಗೆ ಫೋನ್ ತಂದುಕೊಟ್ಟ ಅಳಿಯ ಅದರ ಬಾಕಿ ಇದ್ದ ಕಂತು ಕಟ್ಟಿ, ಅಲ್ಲಿಂದಲೇ ಅರ್ಜಿ ಹಾಕಿದ ಮೇಲೆ ಕೆಲಸ ಆಯಿತು. ಸೆಟ್ಟಿಂಗ್ಸ್, ಜನರಲ್, ಅಬೌಟ್ ಒಳಗೆ ಹೋಗಿ 'ಕ್ಯಾರಿಯರ್ ಲಾಕ್' ಎದುರು 'ನೋ ಸಿಮ್ ರಿಸ್ಟ್ರಿಕ್ಷನ್ಸ್' ಅಂತಿದ್ದರೆ ನಿಮ್ಮ ಫೋನ್ ಸ್ವತಂತ್ರ. ಅಂದಹಾಗೆ, ಐಫೋನ್ 14ರಿಂದ ಈಚೆಗೆ ಅಮೆರಿಕದಲ್ಲಿ ಮಾರುವ ಐಫೋನ್‌ಗಳಲ್ಲಿ ಸಿಮ್ ಹಾಕುವ ಜಾಗವೇ ಇಲ್ಲ, ಫೋನಿನೊಳಗೇ ಇರುವ ಇ-ಸಿಮ್ ಮಾತ್ರ. ತರಿಸುವ ಮೊದಲೇ ಕೇಳಿಕೊಳ್ಳಿ.

ಐಎಂಇಐ ಬದಲಾಯಿಸಿ ಕೊಡುತ್ತೇನೆ ಅನ್ನುವವರ ಹತ್ತಿರ ಮಾತ್ರ ಹೋಗಲೇಬೇಡಿ. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಅದಕ್ಕೆ 3 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ ಇದೆ.

ಲಾಕ್ ಇಲ್ಲದ ಫೋನಿಗೆ ಎಲ್ಲ ನೆಟ್‌ವರ್ಕೂ ಸಿಗುತ್ತದೆ ಅಂತಲೂ ಅಲ್ಲ. ಬಿಎಸ್‌ಎನ್‌ಎಲ್ 4ಜಿ ದೂರ ಹರಡುವುದು 700 ಮೆಗಾಹರ್ಟ್ಸ್ ಅಲೆಗಳಲ್ಲಿ, ಈ ಅಲೆಗಳ ಗುಂಪಿಗೆ ಬ್ಯಾಂಡ್ 28 ಅನ್ನುತ್ತಾರೆ. ಕೆಲವು ಹಳೆ ಫೋನ್‌ಗಳಲ್ಲಿ ಆ ಬ್ಯಾಂಡೇ ಇಲ್ಲ. ಅದಕ್ಕೆ ಅನ್‌ಲಾಕ್ ಮಾಡಿಸಿ ಪ್ರಯೋಜನ ಇಲ್ಲ, ಸುಮ್ನೆ ದುಡ್ಡು ದಂಡ.

ನಾನು ಕೇಳುವುದು ಇಷ್ಟೇ. ಲಾಕ್ ಇರುವ ಫೋನಿನ ಡಬ್ಬದ ಮೇಲೆ 'ಈ ಕಂಪನಿ ಸಿಮ್ ಮಾತ್ರ' ಅಂತ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆಯಲಿ, ಒಂದು ವರ್ಷ ಆದ ಮೇಲೆ ಪುಕ್ಕಟೆ ತೆಗೆದುಕೊಡಲಿ. ಅಲ್ಲಿವರೆಗೆ, ಸೆಕೆಂಡ್ ಹ್ಯಾಂಡ್ ಫೋನ್ ತಗೊಳ್ಳೋಕೆ ಹೋಗುವಾಗ ನಿಮ್ಮ ಎರಡೂ ಸಿಮ್ ಜೇಬಲ್ಲಿಟ್ಟುಕೊಂಡು ಹೋಗಿ. ಅಂಗಡಿಯಲ್ಲೇ ಹಾಕಿ, ಎರಡರಿಂದಲೂ ಮನೆಗೊಂದು ಕಾಲ್ ಮಾಡಿ, ಆಮೇಲೆ ದುಡ್ಡು ಕೊಡಿ.