ಪರಿಮಳದ ಶನಿವಾರ

ಬೆಂಗಳೂರಿನಲ್ಲಿ ಶುಕ್ರವಾರ ಸಂಜೆಯಾಯಿತೆಂದರೆ ಊರಿನ ಅರ್ಧ ಜನ ವಿಶ್ರಾಂತಿಯನ್ನು ಹುಡುಕಿಕೊಂಡು ನೆಲಮಂಗಲದ ದಾರಿ ಹಿಡಿಯುತ್ತಾರೆ. ಅಲ್ಲಿ ಟೋಲ್ ಗೇಟಿನ ಸಾಲಿನಲ್ಲಿ ನಿಂತು, ಸಕಲೇಶಪುರದ ಮಂಜನ್ನು ನೆನೆಯುತ್ತಾ ಮುಂದಿನ ಲಾರಿಯ ಹೊಗೆ ಕುಡಿಯುತ್ತಾರೆ. ಇಂಥ ವಿಶ್ರಾಂತಿಯಿಂದ ಹಿಂದಿರುಗಿದವರಿಗೆ ಸೋಮವಾರ ಇನ್ನೊಂದು ರಜೆ ಬೇಕಾಗುವುದನ್ನು ನೋಡಿ ನೋಡಿ, ನನ್ನ ಹೆಂಡತಿ ಮೇ ತಿಂಗಳ ಒಂದು ವಾರಾಂತ್ಯವನ್ನು ಮನೆಯಲ್ಲೇ ಕಳೆಯುವುದೆಂದು ತೀರ್ಮಾನಿಸಿದಳು. ಮಗಳು ಹೊಸ ಓವನ್ನಿನಲ್ಲಿ ಕೇಕ್ ಮಾಡಬೇಕು, ಹೆಂಡತಿ ಆನ್‌ಲೈನಿನಲ್ಲಿ ತರಿಸಿದ ವೆನಿಲ್ಲಾ ಪರಿಮಳದ ಮೇಣದಬತ್ತಿ ಹಚ್ಚಿಕೊಂಡು ಕಾದಂಬರಿ ಓದಬೇಕು, ನಾನು ಸೋಫಾದ ಮೇಲೆ ಮಲಗಿ ಎರಡೂ ಪರಿಮಳಗಳನ್ನು ಆಸ್ವಾದಿಸಬೇಕು ಎಂದು ಹಂಚಿಕೆಯಾಯಿತು. ಈ ಏರ್ಪಾಟನ್ನು ಅಮ್ಮನಿಗೆ ಯಾರೂ ತಿಳಿಸಿರಲಿಲ್ಲ. ಮಳೆ ಹಿಡಿಯುವ ಮುಂಚೆ ವರ್ಷದ ಸಾರಿನ ಪುಡಿ ಮಾಡಿ ಮುಗಿಸಬೇಕೆಂದು ಆಕೆ ಅದೇ ಶನಿವಾರವನ್ನು ಗೊತ್ತುಮಾಡಿಕೊಂಡಿದ್ದಳು.

ಮೊದಲ ತೊಡಕು ಪ್ಲಗ್ಗಿನದು. ಒಂದೂವರೆ ಸಾವಿರ ವಾಟ್ ಎಳೆಯುವ ಓವನ್ನಿಗೆ ದಪ್ಪ ಪಿನ್ನಿನ ಪ್ಲಗ್ ಇರುತ್ತದೆ. ಅದು ಹಿಡಿಸುವಂಥ ಪವರ್ ಪಾಯಿಂಟು, ನಮ್ಮ ಮನೆ ಕಟ್ಟಿದವರ ಅಭಿಪ್ರಾಯದಲ್ಲಿ, ಗೀಜರಿಗೂ ಫ್ರಿಜ್ಜಿಗೂ ಬಟ್ಟೆ ಒಗೆಯುವ ಯಂತ್ರಕ್ಕೂ ಬಿಟ್ಟು ಇನ್ನಾವುದಕ್ಕೂ ಬೇಕಾಗುವುದಿಲ್ಲ. ಸ್ನಾನದ ಮನೆಯಲ್ಲಿ ಕೇಕ್ ಬೇಯಿಸಲು ಮಗಳು ಒಪ್ಪಲಿಲ್ಲ, ಫ್ರಿಜ್ ಆರಿಸಲು ಅಮ್ಮ ಒಪ್ಪಲಿಲ್ಲ. ಕೊನೆಗೆ ಓವನ್ ಯುಟಿಲಿಟಿಯಲ್ಲಿ ವಾಷಿಂಗ್ ಮೆಷಿನ್ನಿನ ನೆತ್ತಿಯ ಮೇಲೆ, ಸೋಪಿನ ಪುಡಿಯ ಡಬ್ಬಕ್ಕೂ ಫಿನಾಯಿಲ್ ಬಾಟಲಿಗೂ ನಡುವೆ ಪ್ರತಿಷ್ಠಾಪನೆಗೊಂಡಿತು. ಕಾಯುವ ಸರಳುಗಳ ಮೇಲಿನ ಲೇಪ ಸುಟ್ಟುಹೋಗಲೆಂದು ಹೊಸ ಓವನ್ನನ್ನು ಮೊದಲು ಸ್ವಲ್ಪ ಹೊತ್ತು ಖಾಲಿಯಾಗಿಯೇ ಕಾಯಿಸಬೇಕಾಗುತ್ತದೆ. ಹಾಗೆ ಕಾಯಿಸಿದಾಗ ಹೊರಟ ವಾಸನೆ ಹಿಡಿದ ಅಮ್ಮ, “ವೈರು ಸುಡ್ತಿದೆ ಕಣೋ, ಮೇನ್ ಆಫ್ ಮಾಡು” ಎಂದು ಕೂಗಿ, ನಾನು ಸೋಫಾದಿಂದ ಏಳುವುದರೊಳಗೆ ತಾನೇ ಹೋಗಿ ಇಡೀ ಮನೆಯ ಕರೆಂಟು ಆರಿಸಿಬಿಟ್ಟಳು. ಎರಡನೆಯ ಬಾರಿ ಕಾಯಿಸುವಾಗ ಮೇನ್ ಸ್ವಿಚ್ಚಿನ ಬಳಿ ನನ್ನನ್ನು ಕಾವಲಿಗೆ ನಿಲ್ಲಿಸಲಾಯಿತು.

ಮಗಳು ಹಿಡಿದುಕೊಂಡಿದ್ದ ಪಾಕವಿಧಾನ ಯಾವುದೋ ಚಳಿಯ ದೇಶದವರದು. ಬೆಣ್ಣೆ ಕೋಣೆಯ ಉಷ್ಣಾಂಶದಲ್ಲಿರಬೇಕು ಎಂದು ಅದರಲ್ಲಿ ಬರೆದಿತ್ತು. ಮೇ ತಿಂಗಳ ಮಧ್ಯಾಹ್ನ ಬೆಂಗಳೂರಿನ ಕೋಣೆಯೇ 30 ಡಿಗ್ರಿ ದಾಟಿರುವಾಗ ಬೆಣ್ಣೆಗೆ ನೆಟ್ಟಗೆ ಕೂರುವುದು ಸಾಧ್ಯವಾಗುವುದಿಲ್ಲ. ಕಲಬುರಗಿಯವರು ಈ ಸೂಚನೆಯನ್ನು ಅಕ್ಷರಶಃ ಪಾಲಿಸಿದರೆ ಬೆಣ್ಣೆಯನ್ನು ಸೌಟಿನಲ್ಲಿ ಅಳೆಯಬೇಕಾದೀತು. ಮೊಟ್ಟೆಯ ವಿಷಯದಲ್ಲಿ ಚರ್ಚೆಗೇ ಅವಕಾಶವಿರಲಿಲ್ಲ. “ಅಯ್ಯಂಗಾರ್ ಬೇಕರಿಯವರು ಮೊಟ್ಟೆ ಇಲ್ಲದೆ ಮಾಡ್ತಿರಲಿಲ್ವೇನೇ ಪುಟ್ಟಿ?” ಎಂದು ಅಮ್ಮ ಕೇಳಿದ್ದೇ ತೀರ್ಪಾಯಿತು. ಹೀಗಾಗಿ ಮೊಸರು ಮತ್ತು ಅಡುಗೆ ಸೋಡಾ ಬಂದವು. ಪುಡಿ ಸಕ್ಕರೆ ಅಂಗಡಿಯಿಂದ ತರುವ ಅಗತ್ಯವಿಲ್ಲ, ಮಿಕ್ಸಿಯಲ್ಲೇ ಆಗುತ್ತದೆ ಎಂಬ ಸಲಹೆಯೂ ಅಮ್ಮನದೇ. ಆದರೆ ಮಿಕ್ಸಿಯ ಸರದಿ ಸದ್ಯ ಆಕೆಯದಾಗಿತ್ತು.

ಸಾರಿನ ಪುಡಿಗೆ ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಎಂಬ ಲೆಕ್ಕ ನಮ್ಮ ಮನೆಯಲ್ಲಿ ಮೊದಲಿನಿಂದ ಇದೆ. ಬ್ಯಾಡಗಿಯನ್ನು ಹುರಿಯುವವರೆಗೆ ಎಲ್ಲವೂ ಶಾಂತವಾಗಿತ್ತು. ಗುಂಟೂರು ಬಾಣಲೆಗೆ ಬಿದ್ದ ನಿಮಿಷದಲ್ಲಿ ಘಾಟು ಹಜಾರವನ್ನು ದಾಟಿ, ಹೆಂಡತಿಯ ಮೇಣದಬತ್ತಿಯನ್ನು ದಾಟಿ, ಮೆಟ್ಟಿಲಿಳಿದು ಕೆಳಗಿನ ಮನೆಯವರನ್ನೂ ಕೆಮ್ಮಿಸಿತು. ಕೊತ್ತಂಬರಿ ಬೀಜ, ಜೀರಿಗೆ, ಮೆಂತ್ಯಗಳ ಸರದಿ ಬರುವ ಹೊತ್ತಿಗೆ ನಾವೆಲ್ಲರೂ ಬಾಲ್ಕನಿಯಲ್ಲಿದ್ದೆವು. ಹುರಿದ ಕೊತ್ತಂಬರಿಯ ಆ ಘಮಕ್ಕೂ ಕೇಕಿನ ಹೊಂಬಣ್ಣದ ಸಿಪ್ಪೆಯ ಘಮಕ್ಕೂ ಮೂಲದಲ್ಲಿರುವುದು ಫ್ರಾನ್ಸಿನ ಮಯಾರ್ ಎಂಬಾತ 1912ರಲ್ಲಿ ವಿವರಿಸಿದ ಒಂದೇ ಬಗೆಯ ರಾಸಾಯನಿಕ ಕ್ರಿಯೆ ಎಂದು ನಾನು ಸಮಾಧಾನ ಹೇಳಲು ಹೋದೆ. ಬಾಲ್ಕನಿಯಲ್ಲಿ ಸೀನುತ್ತಿರುವವರಿಗೆ ರಸಾಯನಶಾಸ್ತ್ರ ರುಚಿಸುವುದಿಲ್ಲ.

ಘಾಟು ಹೋಗಲೆಂದು ಅಮ್ಮ ಕೆಂಡದ ಮೇಲೆ ಸಾಂಬ್ರಾಣಿ ಹಾಕಿದಳು. ಘಾಟು ಹೋಗಲೆಂದೇ ಹೆಂಡತಿ ಎರಡನೆಯ ಮೇಣದಬತ್ತಿಯನ್ನೂ ಹಚ್ಚಿದಳು. “ಅತ್ತೆ, ಹೊಗೆ ಸ್ವಲ್ಪ ಕಡಿಮೆ ಮಾಡಿದರೆ ಇದರ ಪರಿಮಳ ತಿಳಿಯುತ್ತೆ” ಎಂದು ಆಕೆಯೂ, “ಆ ಬತ್ತಿ ಆರಿಸಿದರೆ ಇದರದ್ದೂ ತಿಳಿಯುತ್ತಮ್ಮ” ಎಂದು ಈಕೆಯೂ ಬಹಳ ವಿನಯದಿಂದ ಮಾತಾಡಿಕೊಂಡರು. ನಮ್ಮ ಮನೆಯಲ್ಲಿ ವಿನಯ ಹೆಚ್ಚಾದಾಗ ನಾನು ಪೇಪರನ್ನು ಮುಖಕ್ಕೆ ಅಡ್ಡ ಹಿಡಿಯುತ್ತೇನೆ. ತಮಾಷೆಯೆಂದರೆ, ವೆನಿಲ್ಲಾಕ್ಕೆ ಪರಿಮಳ ಕೊಡುವ ವೆನಿಲ್ಲಿನ್ ಎಂಬ ವಸ್ತು ಸಾಂಬ್ರಾಣಿಯ ಮರದ ಅಂಟಿನಲ್ಲೂ ಇರುತ್ತದೆ. ಅತ್ತೆ ಸೊಸೆಯರಿಬ್ಬರೂ ಒಂದೇ ಗಮಲನ್ನು ಬೇರೆ ಬೇರೆ ಬೆಲೆಗೆ ಸುಡುತ್ತಿದ್ದರು. ಬತ್ತಿಯಲ್ಲೂ ಕೇಕಿನ ಎಸೆನ್ಸಿನಲ್ಲೂ ಇರುವ ವೆನಿಲ್ಲಿನ್ ಬಹುಪಾಲು ಕಾರ್ಖಾನೆಯದು. 1874ರಲ್ಲೇ ಜರ್ಮನಿಯ ರಸಾಯನಶಾಸ್ತ್ರಜ್ಞರು ಪೈನ್ ಮರದ ರಸದಿಂದ ಅದನ್ನು ತಯಾರಿಸಿದ್ದರು. ನಿಜವಾದ ವೆನಿಲ್ಲಾದ ಕಷ್ಟ ತೀರ್ಥಹಳ್ಳಿ ಕಡೆಯ ನನ್ನ ಚಿಕ್ಕಪ್ಪನನ್ನು ಕೇಳಬೇಕು. 2003ರ ಸುಮಾರಿಗೆ ಅದರ ಬೆಲೆ ಮುಗಿಲು ಮುಟ್ಟಿದಾಗ ಆತ ಅಡಿಕೆ ತೋಟಕ್ಕೆ ಬಳ್ಳಿ ಹಬ್ಬಿಸಿದ. ಹೂವು ಒಂದೇ ಬೆಳಗು ಅರಳಿರುವುದರಿಂದ ಕಾಫಿಯನ್ನೂ ಕುಡಿಯದೆ ಕಡ್ಡಿ ಹಿಡಿದು ಒಂದೊಂದಕ್ಕೂ ಕೈಯಿಂದಲೇ ಪರಾಗ ಮುಟ್ಟಿಸಿದ. ರಾತ್ರಿ ಕಳ್ಳರಿಗಾಗಿ ನಾಯಿ ಕಟ್ಟಿ ಕಾವಲು ಕಾದ. ಮುಂದೆ ಬೆಲೆ ನೆಲಕಚ್ಚಿತು. ಈಗ ಆತನಿಗೆ ವೆನಿಲ್ಲಾ ಐಸ್‌ಕ್ರೀಮ್ ಕೊಟ್ಟರೆ ಮುಖ ತಿರುಗಿಸುತ್ತಾನೆ.

ಅಷ್ಟರಲ್ಲಿ ಅಮ್ಮನ ಪುಡಿಯ ಮೊದಲ ಕಂತು ಇಂಗಿನೊಡನೆ ಮಿಕ್ಸಿಯಲ್ಲಿ ನುಣ್ಣಗಾಗಿ ಹೊರಬಂತು. ಉಳಿದದ್ದು ಮಿಲ್ಲಿಗೆಂದು ಚೀಲ ಸೇರಿತು. ಮಗಳು ಜಾರನ್ನು ಎರಡೆರಡು ಸಲ ಸೋಪು ಹಾಕಿ ತೊಳೆದು, ಒರೆಸಿ, ಸಕ್ಕರೆ ಪುಡಿ ಮಾಡಿಕೊಂಡು, ಮೈದಾ ಜರಡಿ ಹಿಡಿದು ಹಿಟ್ಟು ಕಲಸಿದಳು. ಮೊಸರಿನ ಹುಳಿಯೂ ಸೋಡಾವೂ ಸೇರಿದ ಕ್ಷಣದಿಂದಲೇ ಗಾಳಿಗುಳ್ಳೆ ಏಳುವುದಕ್ಕೆ ಶುರುವಾಗುವುದರಿಂದ ಇಂಥ ಹಿಟ್ಟನ್ನು ಬೇಯಿಸದೆ ಹಾಗೇ ನಿಲ್ಲಿಸಿಡುವಂತಿಲ್ಲ. ಅದು ಬೇಸಿಗೆ ಮಳೆಗೆ ಗೊತ್ತಿರಲಿಲ್ಲ. ಆಕಾಶ ಒಮ್ಮೆಲೇ ಕಪ್ಪಾಗಿ ಗುಡುಗಿತು, ರಸ್ತೆಯ ಗುಲ್‌ಮೊಹರ್ ಮರ ತನ್ನ ಒಂದು ಕೊಂಬೆಯನ್ನು ವಿದ್ಯುತ್ ತಂತಿಗೆ ಒಪ್ಪಿಸಿತು, ಬಡಾವಣೆಯ ಕರೆಂಟು ಹೋಯಿತು. ಇನ್ವರ್ಟರ್ ನಾಲ್ಕು ದೀಪ, ಎರಡು ಫ್ಯಾನುಗಳ ಮಟ್ಟಿಗೆ ಉದಾರಿ. ಓವನ್ನಿನ ಹೆಸರೆತ್ತಿದರೆ ಕೀಯ್ ಎಂದು ಅರಚುತ್ತದೆ.

ಇಲ್ಲಿಂದ ಮುಂದೆ ಕಾರ್ಯಾಚರಣೆಯನ್ನು ಅಮ್ಮ ಕೈಗೆತ್ತಿಕೊಂಡಳು. ಗಾಜಿನ ಕಿಂಡಿಯಿದ್ದ ದುಂಡು ಅಲ್ಯೂಮಿನಿಯಂ ಓವನ್ನುಗಳ ಕಾಲದಲ್ಲಿ, ಅದೂ ಇಲ್ಲದವರು ಮರಳು ಹಾಸಿದ ಪಾತ್ರೆಯಲ್ಲಿ ಕೇಕ್ ಮಾಡುತ್ತಿದ್ದುದನ್ನು ಕಂಡವಳು ಆಕೆ. ದೊಡ್ಡ ಕುಕ್ಕರಿನ ಗ್ಯಾಸ್ಕೆಟ್ ತೆಗೆದು, ವೆಯ್ಟ್ ತೆಗೆದಿಟ್ಟು, ತಳಕ್ಕೆ ಕಲ್ಲುಪ್ಪು ಸುರಿದು, ಮೇಲೊಂದು ಸ್ಟ್ಯಾಂಡ್ ಇಟ್ಟು ಹಿಟ್ಟಿನ ತಟ್ಟೆಯನ್ನು ಇಳಿಸಿದಳು. ಇದೆಲ್ಲ ನಡೆದದ್ದು ವೆನಿಲ್ಲಾ ಬತ್ತಿಗಳ ಬೆಳಕಿನಲ್ಲಿ. ಅಡುಗೆಮನೆಯ ಇನ್ವರ್ಟರ್ ದೀಪ ಎಂದೋ ಕೆಟ್ಟಿದ್ದರಿಂದ ಒಂದು ಬತ್ತಿ ಒಲೆಯ ಪಕ್ಕಕ್ಕೂ, ಇನ್ನೊಂದು ಬಿದ್ದುಹೋದ ವೆಯ್ಟನ್ನು ಹುಡುಕಲು ಸಿಂಕಿನ ಕೆಳಕ್ಕೂ ಹೋಗಿತ್ತು. ಹೆಂಡತಿ ಕಾದಂಬರಿಯನ್ನು ಮಡಚಿಟ್ಟು ಮಳೆ ನೋಡುತ್ತಾ ಕುಳಿತಳು.

ಮುಕ್ಕಾಲು ಗಂಟೆಯ ಮೇಲೆ ಕೇಕ್ ಉಬ್ಬಿ ಬಂದಿತ್ತು. ಕುಕ್ಕರಿನಲ್ಲಿ ಮೇಲಿನಿಂದ ಕಾವು ಇಳಿಯದ ಕಾರಣ ಅದರ ನೆತ್ತಿ ಬಿಳಿಚಿಕೊಂಡಿದ್ದರೂ ಒಡಲು ಹಗುರವಾಗಿತ್ತು. ಪರಿಮಳ ಮಾತ್ರ ನಮಗೆ ಸಿಗಲಿಲ್ಲ. ಬೆಳಗಿನಿಂದ ಲೇಪದ ಹೊಗೆ, ಮೆಣಸಿನಕಾಯಿ, ಸಾಂಬ್ರಾಣಿ, ಬತ್ತಿಗಳನ್ನು ಕುಡಿದ ಮೂಗುಗಳು ಸಂಜೆಗೆ ಕೆಲಸ ನಿಲ್ಲಿಸಿದ್ದವು. ಅದು ಸಿಕ್ಕಿದ್ದು ಕೆಳಗಿನ ಮನೆಯವರಿಗೆ. ಮಧ್ಯಾಹ್ನದ ಕೆಮ್ಮಿನ ಬಗ್ಗೆ ಎರಡು ಮಾತಾಡಿ ಹೋಗೋಣವೆಂದು ಟಾರ್ಚ್ ಹಿಡಿದು ಬಂದಿದ್ದ ಆ ತಾಯಿಯ ಕೈಗೆ ಮಗಳು ತಟ್ಟೆ ಕೊಟ್ಟಳು. ಆಕೆ ಒಂದು ತುಂಡು ತಿಂದರು, ಸ್ವಲ್ಪ ಯೋಚಿಸಿದರು, ಇನ್ನೊಂದನ್ನೂ ತೆಗೆದುಕೊಂಡರು. ಮಿಕ್ಸಿಯ ಜಾರನ್ನು ಎಷ್ಟೇ ತಿಕ್ಕಿ ತೊಳೆದರೂ ಅದರ ಮುಚ್ಚಳದ ರಬ್ಬರ್ ಉಂಗುರ ಇಂಗನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲವೆಂಬುದು ನಮ್ಮಲ್ಲಿ ಆಗ ಯಾರಿಗೂ ಹೊಳೆದಿರಲಿಲ್ಲ.

“ತುಂಬ ಚೆನ್ನಾಗಿದೆ ಕಣಮ್ಮ,” ಎಂದು ಅವರು ಬೆರಳು ಒರೆಸಿಕೊಂಡು ಕೇಳಿದರು. “ಇಂಗು ಮೈದಾ ಜೊತೆಗೇ ಹಾಕ್ತೀಯೋ, ಕೊನೆಯಲ್ಲಿ ಒಗ್ಗರಣೆ ಕೊಡ್ತೀಯೋ?”